ನಿಮಗಿದು ಗೊತ್ತೇ? ತೆರೆಯ ಮೇಲಿನ ನಾಯಿ ಯಾರನ್ನು ನೋಡುತ್ತದೆ?

ಮುಂದಿನ ಸಲ ಸಿನಿಮಾದಲ್ಲಿ ನಾಯಿಯೊಂದು ನಾಯಕನ ಮುಖವನ್ನೇ ನೆಟ್ಟ ದೃಷ್ಟಿಯಿಂದ ನೋಡುವ ದೃಶ್ಯ ಬಂದರೆ ಅದರ ಕಣ್ಣು ಎತ್ತ ಇದೆಯೆಂದು ಗಮನಿಸಿ. ಎಷ್ಟೋ ಸಲ ಅದು ನೋಡುತ್ತಿರುವುದು ನಾಯಕನ ಕಿವಿಯ ಪಕ್ಕದಿಂದ ಆಚೆಗೆ. ಅಲ್ಲಿ, ಕ್ಯಾಮೆರಾದ ಕಣ್ಣಿಗೆ ಬೀಳದ ಹಾಗೆ, ಅದನ್ನು ಪಳಗಿಸಿದವರು ಮಂಡಿಯೂರಿ ಕೂತಿರುತ್ತಾರೆ. ಕೈಯಲ್ಲಿ ಬೇಯಿಸಿದ ಕೋಳಿಯ ಒಂದು ಚೂರು, ಇಲ್ಲವೇ ಅದಕ್ಕೆ ಪ್ರಾಣವಾದ ಚೆಂಡು. ನಾವು ಕಣ್ಣೊರೆಸಿಕೊಳ್ಳುತ್ತಾ ನೋಡುವ ಆ ಪ್ರೀತಿ ಸುಳ್ಳಲ್ಲ. ಅದು ಆ ಮರೆಯಲ್ಲಿರುವವರಿಗೆ ಸೇರಿದ್ದು, ಅಷ್ಟೆ.

ಹೈದರಾಬಾದಿನಲ್ಲಿ ಬಾಳುವ ನಮ್ಮಂಥ ಕನ್ನಡಿಗರಿಗೆ ಸಿನಿಮಾವೂ ಹತ್ತಿರ, ಬೀದಿನಾಯಿಯೂ ಹತ್ತಿರ. ಹಾಗಾಗಿ ಈ ಸಲದ ಅಂಕಣ ತೆರೆಯ ಮೇಲೆ ಹೆಸರು ಮಾಡಿದ ನಾಯಿಗಳದ್ದು, ಅವುಗಳ ಜೊತೆಗೆ ಆ ಮರೆಯಲ್ಲಿ ಕೂತವರದ್ದೂ.

‘777 ಚಾರ್ಲಿ’ಯ ನಿರ್ದೇಶಕ ಕಿರಣ್‌ರಾಜ್ ಕೆ. ಕಾಸರಗೋಡಿನವರು ಎಂಬುದು ಗೊತ್ತೇ? ಚಿತ್ರ ತೆರೆಕಂಡದ್ದು 2022ರ ಜೂನ್ 10ರಂದು. ತೆಲುಗು ಅವತರಣಿಕೆಯನ್ನು ಅರ್ಪಿಸಿದವರು ನಮ್ಮ ಹೈದರಾಬಾದಿನ ರಾಣಾ ದಗ್ಗುಬಾಟಿ, ತಮಿಳಿಗೆ ಕಾರ್ತಿಕ್ ಸುಬ್ಬರಾಜ್, ಮಲಯಾಳಕ್ಕೆ ಪೃಥ್ವಿರಾಜ್. ಗಡಿಯೂರಿನ ಹುಡುಗನೊಬ್ಬ ಕನ್ನಡದಲ್ಲಿ ಮಾಡಿದ ನಾಯಿಯ ಕಥೆಗೆ ಅಕ್ಕಪಕ್ಕದ ಮೂರೂ ಭಾಷೆಯ ಸಿನಿಮಾ ಮಂದಿ ಹೆಗಲು ಕೊಟ್ಟರು. ಕನ್ನಡಿಗರಲ್ಲದ ನೆರೆಮನೆಯವರ ಜೊತೆ ಕೂತು ನಮ್ಮ ಭಾಷೆಯ ಚಿತ್ರವೊಂದಕ್ಕೆ ಅತ್ತದ್ದು ನನಗೆ ಇವತ್ತಿಗೂ ಹೆಮ್ಮೆ.

777 ಎಂಬುದು ಕಥೆಯಲ್ಲಿ ಆ ನಾಯಿಗೆ ಸಿಗುವ ಪರವಾನಗಿಯ ಸಂಖ್ಯೆ. ಚಾರ್ಲಿ ಎಂಬ ಹೆಸರು ಬಂದದ್ದು ಚಾಪ್ಲಿನ್‌ನಿಂದ. ಮೈಸೂರಿನ ಕಾರ್ಖಾನೆಯಲ್ಲಿ ದುಡಿಯುವ ಒಂಟಿಜೀವ ಧರ್ಮನಿಗೆ ಚಾಪ್ಲಿನ್ ಚಿತ್ರಗಳನ್ನು ಬಿಟ್ಟರೆ ಬೇರೆ ಸಂಗಾತಿಯಿಲ್ಲ. ಇಲ್ಲೊಂದು ಚೆಂದದ ತಾಳೆಯಿದೆ. ಸ್ವತಃ ಚಾಪ್ಲಿನ್ 1918ರಲ್ಲಿ ‘ಎ ಡಾಗ್ಸ್ ಲೈಫ್’ ಎಂಬ ಚಿತ್ರ ಮಾಡಿದ್ದ. ಬೀದಿಪಾಲಾದ ಒಬ್ಬ ಮನುಷ್ಯ, ಬೀದಿಪಾಲಾದ ಒಂದು ನಾಯಿ, ಇಬ್ಬರೂ ಒಬ್ಬರಿಗೊಬ್ಬರು ಆಗುವ ಕಥೆ. ಸ್ಕ್ರ್ಯಾಪ್ಸ್ ಎಂಬ ಆ ನಾಯಿಯ ಪಾತ್ರ ಮಾಡಿದ್ದು ಮಟ್ ಎಂಬ ಬೆರಕೆ ತಳಿಯ ನಾಯಿ.

ನಾಯಕನಿಗೆ ಧರ್ಮ ಎಂಬ ಹೆಸರು ಯಾಕೆ ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ. ನಾಯಿಯೊಂದಿಗೆ ಹಿಮಾಲಯದ ಕಡೆಗೆ ಹೊರಟವನಿಗೆ ನಮ್ಮ ನಾಡಿನಲ್ಲಿ ಇನ್ನಾವ ಹೆಸರು ಒಪ್ಪೀತು? ಮಹಾಪ್ರಸ್ಥಾನದಲ್ಲಿ ಹೆಂಡತಿ, ತಮ್ಮಂದಿರು ಒಬ್ಬೊಬ್ಬರೇ ಬಿದ್ದುಹೋದ ಮೇಲೂ ಧರ್ಮರಾಯನ ಹಿಂದೆ ಉಳಿದದ್ದು ನಾಯಿ. ಅದನ್ನು ಬಿಟ್ಟು ಸ್ವರ್ಗದ ರಥ ಹತ್ತಲಾರೆ ಎಂದ ಅವನ ಮಾತನ್ನು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು.

ಚಾರ್ಲಿಯಾಗಿ ನಟಿಸಿದ ಲ್ಯಾಬ್ರಡಾರ್ ಹೆಣ್ಣುನಾಯಿಯನ್ನು ಪಳಗಿಸಿದವರು ಪ್ರಮೋದ್ ಬಿ.ಸಿ. ತರಬೇತಿ, ಚಿತ್ರೀಕರಣ, ನಡುವೆ ಕೋವಿಡ್ ಎಲ್ಲ ಸೇರಿ ಈ ಚಿತ್ರಕ್ಕೆ ವರ್ಷಗಳೇ ಹಿಡಿದವು. ಯಾಕೆಂದರೆ ನಾಯಿಗೆ ‘ಇವತ್ತೇ ಮುಗಿಸೋಣ’ ಎಂಬ ಮಾತು ಅರ್ಥವಾಗುವುದಿಲ್ಲ. ಅದಕ್ಕೆ ಹಸಿವಿರಬೇಕು, ಆದರೆ ಹೊಟ್ಟೆ ಚುರುಗುಟ್ಟಬಾರದು. ಉತ್ಸಾಹವಿರಬೇಕು, ಆದರೆ ಬಾಲ ಅಲ್ಲಾಡಬಾರದು. ಈ ಬಾಲದ ವಿಚಾರ ಸಣ್ಣದಲ್ಲ. ಕೆಲಸ ಇಷ್ಟಪಟ್ಟು ಮಾಡುವ ನಾಯಿ ಸಾವಿನ ದೃಶ್ಯದಲ್ಲೂ ಬಾಲ ಅಲ್ಲಾಡಿಸುತ್ತದೆ. ದುಃಖದ ದೃಶ್ಯಗಳಲ್ಲಿ ಬರೀ ಮುಖವನ್ನೇ ಹತ್ತಿರದಿಂದ ತೋರಿಸುವುದಕ್ಕೆ ಇದೂ ಒಂದು ಕಾರಣ.

ಜೂನ್ 2022ರಲ್ಲಿ ಬಿಡುಗಡೆಯಾದ ಚಿತ್ರಕ್ಕೆ 2021ನೇ ಸಾಲಿನ ರಾಷ್ಟ್ರಪ್ರಶಸ್ತಿ ಹೇಗೆ ಬಂತು? ಪ್ರಶಸ್ತಿಗೆ ಲೆಕ್ಕವಾಗುವುದು ತೆರೆಕಂಡ ದಿನವಲ್ಲ, ಸೆನ್ಸಾರ್ ಪ್ರಮಾಣಪತ್ರ ಸಿಕ್ಕ ವರ್ಷ. 69ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ‘777 ಚಾರ್ಲಿ’ ಕನ್ನಡದ ಅತ್ಯುತ್ತಮ ಚಿತ್ರವಾಯಿತು. ಚಿತ್ರ ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎಲ್ಲರೆದುರೇ ಅತ್ತರು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ಸನ್ನಿ ತೀರಿಕೊಂಡಿತ್ತು. ಚಿತ್ರ ತೆರೆಕಂಡ ತಿಂಗಳೇ ಮಂಗಳೂರಿನ ಪೊಲೀಸರು ತಮ್ಮ ಶ್ವಾನದಳಕ್ಕೆ ಬಂದ ಲ್ಯಾಬ್ರಡಾರ್ ಮರಿಗೆ ಚಾರ್ಲಿ ಎಂದೇ ಹೆಸರಿಟ್ಟರು.

ಈಗ ಸ್ವಲ್ಪ ಹಿಂದಕ್ಕೆ. ಜಾಕಿ ಶ್ರಾಫ್‌ನ ‘ತೇರಿ ಮೆಹರ್‌ಬಾನಿಯಾ’ ನೆನಪಿದೆಯೇ? ನಾಯಕ ಅರ್ಧದಲ್ಲೇ ಕೊಲೆಯಾಗುತ್ತಾನೆ, ಮಿಕ್ಕ ಚಿತ್ರವನ್ನು ಮೋತಿ ಎಂಬ ನಾಯಿ ಹೆಗಲ ಮೇಲೆ ಹೊತ್ತು ಸೇಡು ತೀರಿಸುತ್ತದೆ. 1985ರ ಈ ಹಿಂದಿ ಚಿತ್ರದ ಬೇರು ಕನ್ನಡದಲ್ಲಿದೆ. ಅದರ ಹಿಂದಿನ ವರ್ಷ ಬಂದ, ಶಂಕರ್‌ನಾಗ್ ನಟಿಸಿದ ‘ತಾಳಿಯ ಭಾಗ್ಯ’ವೇ ಅದರ ಮೂಲ. ಎರಡನ್ನೂ ನಿರ್ದೇಶಿಸಿದವರು ವಿಜಯ್. ‘ಗಂಧದ ಗುಡಿ’, ‘ಮಯೂರ’, ‘ಸನಾದಿ ಅಪ್ಪಣ್ಣ’ ಕೊಟ್ಟ ಅದೇ ವಿಜಯ್, ಪೂರ್ತಿ ಹೆಸರು ವಿಜಯ್ ರೆಡ್ಡಿ, ಹುಟ್ಟಿದ್ದು ತೆಲುಗು ನಾಡಿನಲ್ಲಿ. ತೆಲುಗಿನವರು ಕನ್ನಡದಲ್ಲಿ ಹೇಳಿದ ನಾಯಿಯ ಕಥೆ ಹಿಂದಿಗೆ ಹೋಗಿ ಇಡೀ ದೇಶ ಸುತ್ತಿತು. ಹಿಂದಿಯಲ್ಲಿ ಮೋತಿಯಾದದ್ದು ಬ್ರೌನಿ ಎಂಬ ನಾಯಿ. ಕನ್ನಡದ ಮೂಲ ಚಿತ್ರವನ್ನು ಇಂದು ನೆನೆಯುವವರು ಕಡಿಮೆ, ಅದು ನನಗೆ ನೋವಿನ ಸಂಗತಿ.

‘ಹಮ್ ಆಪ್ಕೆ ಹೈ ಕೌನ್’ ತೆಲುಗಿನಲ್ಲಿ ‘ಪ್ರೇಮಾಲಯಂ’ ಆಗಿ ಬಂತು. 1994ರ ಆ ಚಿತ್ರದಲ್ಲಿ ಕ್ರಿಕೆಟ್ ಪಂದ್ಯಕ್ಕೆ ಅಂಪೈರ್ ಆಗುವ, ಕೊನೆಗೆ ಕಾಗದವನ್ನು ಕೊಡಬೇಕಾದವರಿಗೇ ಕೊಟ್ಟು ಮದುವೆ ಸರಿಪಡಿಸುವ ಟಫಿಯನ್ನು ಎಲ್ಲರೂ ಪೊಮೆರೇನಿಯನ್ ಎಂದೇ ಕರೆದರು. ಅದು ಇಂಡಿಯನ್ ಸ್ಪಿಟ್ಜ್. ನೋಡಲು ಹತ್ತಿರದ ಹೋಲಿಕೆ, ಆದರೆ ಸ್ಪಿಟ್ಜ್ ಗಾತ್ರದಲ್ಲಿ ದೊಡ್ಡದು, ನಮ್ಮ ಸೆಕೆಗೆ ಚೆನ್ನಾಗಿ ಒಗ್ಗಿಕೊಂಡದ್ದು. ನಮ್ಮ ಎಷ್ಟೋ ಮನೆಗಳ ‘ಪಮೇರಿಯನ್’ಗಳು ಅಸಲಿಗೆ ಇವೇ.

ಒಗ್ಗದ ನಾಯಿಯ ಕಥೆ ಬೇರೆ.

2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತು. ಹುಡುಗ ಹೋದಲ್ಲೆಲ್ಲ ಹಿಂದೆಯೇ ಹೋಗುವ ಚಪ್ಪಟೆ ಮೂತಿಯ ಪಗ್. ಅದರ ಹೆಸರು ಚೀಕಾ. ಚಿತ್ರೀಕರಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ. ಮುಂದೆ ವೊಡಾಫೋನ್ ಜಾಹೀರಾತಿನ ಜೂಜೂಗಳನ್ನು ಚಿತ್ರೀಕರಿಸಿದವರೂ ಅವರೇ. 2007ರಲ್ಲಿ ಹಚ್ ಹೋಗಿ ವೊಡಾಫೋನ್ ಆದಾಗ, ಆ ಸುದ್ದಿಯನ್ನು ದೇಶಕ್ಕೆ ಹೇಳಿದ್ದು ಕೂಡ ಪಗ್: ಗುಲಾಬಿ ಬಣ್ಣದ ಗೂಡಿನಿಂದ ಹೊರಟು ಕೆಂಪು ಗೂಡಿಗೆ ಬಂತು. ತಳಿಯ ಹೆಸರೇ ಮರೆತುಹೋಗಿ ‘ಹಚ್ ನಾಯಿ’ ಎಂಬ ಹೊಸ ಹೆಸರು ಕನ್ನಡಕ್ಕೆ ಬಂತು, ತೆಲುಗಿನವರು ‘ಹಚ್ ಕುಕ್ಕ’ ಎಂದರು. ಮರಿಗಳ ಬೆಲೆ ಏರಿತು, ಮನೆಮನೆಗೆ ಪಗ್ ಬಂತು.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಗೂ ಒಂದು ಬಂತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಪಗ್‌ನ ಮೂತಿ ಎಷ್ಟು ಮೊಟಕೆಂದರೆ ಉಸಿರಿನ ದಾರಿಯೇ ಇಕ್ಕಟ್ಟು, ತೇಕಿದರೂ ಸಾಲದು. ಹೈದರಾಬಾದಿನ ಮೇ ತಿಂಗಳ ಮಧ್ಯಾಹ್ನ, ಪಾರಾ 40 ದಾಟಿದಾಗ, ಆ ಪುಟ್ಟ ಪ್ರಾಣಿ ಲಿಫ್ಟಿನ ಬಾಗಿಲ ಬಳಿಯ ತಣ್ಣನೆ ಗ್ರಾನೈಟ್ ಕಲ್ಲಿಗೆ ಹೊಟ್ಟೆ ಒತ್ತಿ ಮಲಗಿರುತ್ತಿತ್ತು. ‘ಗೊರಕೆ ಹೊಡೀತಿದೆ ನೋಡಿ ಆಂಟಿ, ಎಷ್ಟು ಮುದ್ದಾಗಿದೆ’ ಎಂದಳು ಮನೆಯ ಹುಡುಗಿ. ಅದು ಗೊರಕೆಯಲ್ಲ ಪುಟ್ಟಿ, ಉಸಿರಿಗೆ ಒದ್ದಾಟ ಎಂದೆ. ಅವಳ ಮುಖ ಇಳಿದುಹೋಯಿತು. ಅಂದಿನಿಂದ ಬೇಸಗೆಯಲ್ಲಿ ಅದರ ವಾಯುವಿಹಾರ ಬೆಳಗಿನ ಐದೂವರೆಗೆ, ಕುತ್ತಿಗೆಗೆ ಒದ್ದೆ ಟವೆಲ್.

ಸಿನಿಮಾ ನೋಡಿ ನಾಯಿ ಕೊಳ್ಳುವುದು ನಮ್ಮಲ್ಲಿ ಮಾತ್ರವೇ? ಅಲ್ಲ. ಅಮೆರಿಕದ ನೋಂದಣಿ ದಾಖಲೆಗಳನ್ನು ಇಟ್ಟುಕೊಂಡು 2014ರಲ್ಲಿ ‘ಪ್ಲಾಸ್ ಒನ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಹುಡುಕಿತು. ಜನಪ್ರಿಯ ಚಿತ್ರವೊಂದರಲ್ಲಿ ಕಾಣಿಸಿಕೊಂಡ ತಳಿಗೆ ಬೇಡಿಕೆ ಹತ್ತು ವರ್ಷದವರೆಗೂ ಉಳಿಯಬಹುದು ಎಂದು ಅದು ಕಂಡುಕೊಂಡಿತು. ಬೇಡಿಕೆ ಬಂದಲ್ಲಿ ಅವಸರದ ತಳಿ ವ್ಯಾಪಾರವೂ ಬರುತ್ತದೆ, ಒಂದೇ ಕುಟುಂಬದ ನಾಯಿಗಳನ್ನು ಕೂಡಿಸಿ ಮರಿ ಹಾಕಿಸುವುದೂ ಬರುತ್ತದೆ. ‘ಚಾರ್ಲಿ’ ಚಿತ್ರ ಬೊಟ್ಟು ಮಾಡಿದ್ದು ಇದಕ್ಕೇ. ಅದರ ನಾಯಿಯ ಕಾಯಿಲೆಗೆ ಕಾರಣ ಅಂಥ ಕೂಡಿಕೆಯೇ. ತನ್ನದೇ ನಾಯಿಯನ್ನು ಅಂಗಡಿಯ ಸರಕಾಗಲು ಬಿಡದ ಚಿತ್ರವೆಂದು ಅದರ ಮೇಲೆ ನನಗೆ ಗೌರವ ಜಾಸ್ತಿ.

ಸಿನಿಮಾದ ಹುಟ್ಟಿನ ಹತ್ತೇ ವರ್ಷಕ್ಕೆ ನಾಯಿ ಕಥಾನಾಯಕನಾಗಿತ್ತು. 1905ರಲ್ಲಿ ಇಂಗ್ಲೆಂಡಿನ ಸೆಸಿಲ್ ಹೆಪ್‌ವರ್ತ್ ತೆಗೆದ ‘ರೆಸ್ಕ್ಯೂಡ್ ಬೈ ರೋವರ್’ನಲ್ಲಿ ಕದ್ದೊಯ್ದ ಮಗುವನ್ನು ನಾಯಿ ಹುಡುಕಿ ಕೊಡುತ್ತದೆ. ನಾಯಿ ಅವರದೇ ಮನೆಯ ಬ್ಲೇರ್, ಮಗುವೂ ಅವರದೇ. ಪ್ರತಿಗಳಿಗೆ ಎಷ್ಟು ಬೇಡಿಕೆ ಬಂತೆಂದರೆ ಮೂಲ ನೆಗೆಟಿವ್ ಸವೆದುಹೋಗಿ ಇಡೀ ಚಿತ್ರವನ್ನು ಮತ್ತೆರಡು ಸಲ ಹೊಸದಾಗಿ ತೆಗೆದರು.

ರಿನ್ ಟಿನ್ ಟಿನ್ ಸಿಕ್ಕಿದ್ದು ಯುದ್ಧಭೂಮಿಯಲ್ಲಿ. 1918ರ ಸೆಪ್ಟೆಂಬರ್, ಫ್ರಾನ್ಸಿನ ಫ್ಲಿರೆ ಎಂಬ ಹಳ್ಳಿ. ಬಾಂಬಿಗೆ ಹಾಳಾದ ನಾಯಿಮನೆಯಲ್ಲಿ ಅಮೆರಿಕದ ಸೈನಿಕ ಲೀ ಡಂಕನ್‌ಗೆ ಇನ್ನೂ ಕಣ್ಣು ಬಿಡದ ಜರ್ಮನ್ ಶೆಫರ್ಡ್ ಮರಿಗಳು ಸಿಕ್ಕವು. ಒಂದು ಗಂಡು, ಒಂದು ಹೆಣ್ಣು ಇಟ್ಟುಕೊಂಡ. ಗಂಡು ಮುಂದೆ ವಾರ್ನರ್ ಬ್ರದರ್ಸ್ ಕಂಪನಿಯನ್ನು ಸಾಕಿದ ತಾರೆಯಾಯಿತು. ಆಗ ಮೂಕಿ ಚಿತ್ರಗಳ ಕಾಲ. ಡಂಕನ್ ಕ್ಯಾಮೆರಾ ಪಕ್ಕದಿಂದ ಬಾಯಿಬಿಟ್ಟು ಕೂಗಿ ಅಪ್ಪಣೆ ಕೊಡಬಹುದಿತ್ತು. ಟಾಕಿ ಬಂದು ಧ್ವನಿಯೂ ಮುದ್ರಣವಾಗತೊಡಗಿದ ಮೇಲೆ ಹಾಲಿವುಡ್‌ನ ನಾಯಿ ತರಬೇತುದಾರರು ಬಾಯಿ ಮುಚ್ಚಿ ಕೈಸನ್ನೆ ಕಲಿಯಬೇಕಾಯಿತು. ನಮ್ಮಲ್ಲಿ ಮಾತುಗಳನ್ನು ನಂತರ ಡಬ್ಬಿಂಗ್ ಕೋಣೆಯಲ್ಲಿ ಸೇರಿಸುವ ಪದ್ಧತಿ ದಶಕಗಟ್ಟಲೆ ಉಳಿಯಿತು. ಹಾಗಾಗಿ ಇಲ್ಲಿನ ಸೆಟ್ಟುಗಳಲ್ಲಿ ‘ಕೂತ್ಕೋ’, ‘ಬಾ’ ಎಂದು ಕೂಗುವ ಅವಕಾಶವೂ ಉಳಿಯಿತು.

ಕೈಸನ್ನೆಯಲ್ಲಿ ಪಳಗಿದವರಲ್ಲಿ ಕಾರ್ಲ್ ಸ್ಪಿಟ್ಜ್ ಹೆಸರು ದೊಡ್ಡದು. 1939ರ ‘ವಿಜರ್ಡ್ ಆಫ್ ಆಜ್’ನ ಟೋಟೊ ಅವರ ಸಾಕುನಾಯಿ. ನಿಜನಾಮ ಟೆರಿ, ಹೆಣ್ಣು, ಕೇರ್ನ್ ಟೆರಿಯರ್ ತಳಿ. ವಾರದ ಸಂಬಳ 125 ಡಾಲರ್. ಚಿತ್ರೀಕರಣದಲ್ಲಿ ನಟನೊಬ್ಬ ಅರಿಯದೆ ಅದರ ಕಾಲು ತುಳಿದು, ಗಾಯ ಮಾಯುವವರೆಗೆ ಟೆರಿ ವಿಶ್ರಾಂತಿಯಲ್ಲಿತ್ತು.

ಲ್ಯಾಸಿ ಹೆಣ್ಣಲ್ಲ! 1943ರ ‘ಲ್ಯಾಸಿ ಕಮ್ ಹೋಮ್’ನಲ್ಲಿ ಆ ಹೆಣ್ಣುನಾಯಿಯ ಪಾತ್ರ ಮಾಡಿದ್ದು ಪಾಲ್ ಎಂಬ ಕಾಲಿ ತಳಿಯ ಗಂಡುನಾಯಿ. ಹೆಣ್ಣು ಕಾಲಿಗಳ ಕೂದಲು ಆಗಾಗ ಉದುರಿ ಮೈ ಬಡವಾಗಿ ಕಾಣುತ್ತದೆ, ಗಂಡಿನದು ತುಂಬಿಕೊಂಡೇ ಇರುತ್ತದೆ ಎಂಬುದು ಕಾರಣ. 1954ರಿಂದ ಸುಮಾರು ಎರಡು ದಶಕ ನಡೆದ ಟೀವಿ ಸರಣಿಯಲ್ಲಿ ಪಾಲ್‌ನ ಮಗ, ಮೊಮ್ಮಕ್ಕಳ ಸಾಲೇ ಆ ಪಾತ್ರ ಮಾಡಿತು. ನಮ್ಮ ಯಕ್ಷಗಾನದ ಸ್ತ್ರೀವೇಷಧಾರಿಗಳ ಹಾಗೆ.

ಹಾಲಿವುಡ್ ವಾಕ್ ಆಫ್ ಫೇಮ್‌ನಲ್ಲಿ ನಕ್ಷತ್ರ ಪಡೆದ ನಾಯಿಗಳು ಮೂರು: ಸ್ಟ್ರಾಂಗ್‌ಹಾರ್ಟ್, ರಿನ್ ಟಿನ್ ಟಿನ್, ಲ್ಯಾಸಿ.

2008ರ ‘ಮಾರ್ಲಿ ಆ್ಯಂಡ್ ಮಿ’ಯಲ್ಲಿ ಒಂದೇ ಮಾರ್ಲಿಯ ಪಾತ್ರಕ್ಕೆ 22 ಲ್ಯಾಬ್ರಡಾರ್‌ಗಳು. ಇದಕ್ಕೆ ಪೂರ್ತಿ ವಿರುದ್ಧ 1974ರ ‘ಬೆಂಜಿ’: ಪ್ರಾಣಿಗಳ ಆಶ್ರಯಧಾಮದಿಂದ ಫ್ರ್ಯಾಂಕ್ ಇನ್ ತಂದು ಸಾಕಿದ ಹಿಗಿನ್ಸ್ ಎಂಬ ಬೆರಕೆ ನಾಯಿಯೇ ಅದರ ಸರ್ವಸ್ವ.

ಕಾನ್ ಚಿತ್ರೋತ್ಸವದಲ್ಲಿ 2001ರಿಂದ ನಾಯಿಗಳಿಗೂ ‘ಪಾಮ್ ಡಾಗ್’ ಎಂಬ ಬಹುಮಾನವಿದೆ; ಕೊಡುವುದು ಕೊರಳಪಟ್ಟಿ. 2011ರಲ್ಲಿ ‘ದಿ ಆರ್ಟಿಸ್ಟ್’ನ ಅಗ್ಗಿಗೆ, 2023ರಲ್ಲಿ ‘ಅನಾಟಮಿ ಆಫ್ ಎ ಫಾಲ್’ನ ಮೆಸ್ಸಿಗೆ ಅದು ಸಿಕ್ಕಿತು. ಔಷಧಿ ಹೆಚ್ಚಾಗಿ ನಿಸ್ತೇಜವಾದ ನಾಯಿಯಾಗಿ ಮೆಸ್ಸಿ ಮಲಗಿದ್ದನ್ನು ನೋಡಿದವರು ಉಸಿರು ಹಿಡಿಯುತ್ತಾರೆ.

ಟೋಕಿಯೊದ ಶಿಬುಯಾ ನಿಲ್ದಾಣದಲ್ಲಿ ತೀರಿಹೋದ ಒಡೆಯನಿಗಾಗಿ 1925ರಿಂದ 1935ರವರೆಗೆ ಕಾದ ಹಾಚಿಕೊ ಹಾಲಿವುಡ್ಡಿಗೂ ಬಂತು, ಹೈದರಾಬಾದಿಗೂ. 2015ರಲ್ಲಿ ರಾಜೇಂದ್ರ ಪ್ರಸಾದ್ ನಟಿಸಿದ ತೆಲುಗಿನ ‘ಟಾಮಿ’ ಅದೇ ನೆರಳಿನ ಕಥೆ. ಹಾಚಿಕೊವಿನ ಮೊದಲ ಪ್ರತಿಮೆ ಈಗಿಲ್ಲ, ಯುದ್ಧಕಾಲದಲ್ಲಿ ಲೋಹಕ್ಕಾಗಿ ಕರಗಿಸಿದರು. ಇಂದು ಜನ ಫೋಟೊ ತೆಗೆಸಿಕೊಳ್ಳುವುದು 1948ರಲ್ಲಿ ನಿಲ್ಲಿಸಿದ ಇನ್ನೊಂದರ ಬಳಿ.

ಕನ್ನಡದಲ್ಲಿ ‘ಚಾರ್ಲಿ’ಗಿಂತ ಎರಡು ವರ್ಷ ಮೊದಲೇ, 2020ರ ಜನವರಿಯಲ್ಲಿ, ‘ನಾನು ಮತ್ತು ಗುಂಡ’ ಬಂದಿತ್ತು. ಆಟೊ ಚಾಲಕನಾಗಿ ಶಿವರಾಜ್ ಕೆ.ಆರ್. ಪೇಟೆ, ಗುಂಡನಾಗಿ ಸಿಂಬ. ತೆಲುಗಿನ ‘ಹಾಯ್ ನಾನ್ನ’ ನೋಡಿದವರಿಗೆ ಪ್ಲೂಟೊ ನೆನಪಿರಬಹುದು. ಅದನ್ನು ಹುಡುಕಿಕೊಂಡು ಮಗು ರಸ್ತೆಗೆ ಓಡದಿದ್ದರೆ ಕಥೆಯೇ ಮುಂದೆ ಸಾಗದು.

ನಿಮ್ಮ ಮನೆಯ ನಾಯಿ ಟೀವಿ ನೋಡುತ್ತದೆಯೇ? ದೂರದರ್ಶನದ ಕಾಲದ ನಾಯಿಗಳು ನೋಡುತ್ತಿರಲಿಲ್ಲ ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ. ಹಳೆಯ ಪೆಟ್ಟಿಗೆ ಟೀವಿ ಸೆಕೆಂಡಿಗೆ 50 ಸಲ ಮಿನುಗುತ್ತಿತ್ತು. ನಮಗೆ ಅದು ಒಂದೇ ಬಿಂಬ. ಸೆಕೆಂಡಿಗೆ 70ಕ್ಕೂ ಹೆಚ್ಚು ಮಿನುಗನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲ ನಾಯಿಯ ಕಣ್ಣಿಗೆ ಅದು ಬರೀ ಪಟಪಟ ಬೆಳಕು. ಈಗಿನ ತೆರೆಗಳಲ್ಲಿ ಆ ತೊಂದರೆಯಿಲ್ಲ. ಬಣ್ಣದಲ್ಲಿ ಮಾತ್ರ ಅದರ ಲೋಕ ಹಳದಿ, ನೀಲಿಗಳದ್ದೇ. ಕೆಂಪೂ ಹಸಿರೂ ಬೇರೆಯಾಗಿ ಕಾಣವು.

ನಾಯಿಯನ್ನು ಚಿತ್ರೀಕರಣಕ್ಕೆ ಬಳಸಲು ಅನುಮತಿ ಬೇಕು, ಗೊತ್ತೇ? 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮಗಳ ಪ್ರಕಾರ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಗೆ ಮೊದಲೇ ತಿಳಿಸಬೇಕು. ಕರಡಿ, ಮಂಗ, ಹುಲಿ, ಚಿರತೆ, ಸಿಂಹಗಳನ್ನು ಪ್ರದರ್ಶನಕ್ಕೆ ತರಬೇತಿ ಮಾಡುವುದೇ ನಿಷಿದ್ಧ. ನಾಯಿಗೆ ಆ ನಿಷೇಧವಿಲ್ಲ, ಆದರೆ ಕಾವಲಿದೆ. ಚಿತ್ರದ ಆರಂಭದಲ್ಲಿ ಬರುವ ‘ಯಾವ ಪ್ರಾಣಿಗೂ ಹಿಂಸೆಯಾಗಿಲ್ಲ’ ಎಂಬ ಸಾಲು ನೋಡುವಾಗ ನನಗೆ ಒಬ್ಬ ನರ್ತಕಿ ನೆನಪಾಗುತ್ತಾರೆ. ರುಕ್ಮಿಣಿದೇವಿ ಅರುಂಡೇಲ್ 1953ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆಯೇ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಗೆ ದಾರಿಯಾಯಿತು. 1962ರಲ್ಲಿ ಹುಟ್ಟಿದ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಅವರು ಕಟ್ಟಿದ ಕಲಾಕ್ಷೇತ್ರದಲ್ಲಿ ಭರತನಾಟ್ಯ ಕಲಿತ ಹುಡುಗಿಯೊಬ್ಬಳು ಸಿನಿಮಾಕ್ಕೆ ಬಂದಳು, ಕನ್ನಡದಲ್ಲಿ ‘ಬಣ್ಣದ ಗೆಜ್ಜೆ’ ಕಟ್ಟಿದಳು, ಮದುವೆಯಾಗಿ ಹೈದರಾಬಾದಿಗೆ ಬಂದು 1992ರಲ್ಲಿ ಇಲ್ಲಿನ ಪ್ರಾಣಿರಕ್ಷಣಾ ಸಂಸ್ಥೆ ಬ್ಲೂ ಕ್ರಾಸ್ ಸ್ಥಾಪಿಸಿದಳು. ಅಮಲಾ ಅಕ್ಕಿನೇನಿ. ಗುರುಕುಲದಿಂದ ಬಂದದ್ದು ಬರೀ ನೃತ್ಯವಲ್ಲ.

ನಮ್ಮ ಮುಧೋಳದ ಬೇಟೆನಾಯಿ ಯಾಕೆ ಸಿನಿಮಾ ತಾರೆಯಾಗಲಿಲ್ಲ? 2005ರ ಜನವರಿಯಲ್ಲಿ ಅಂಚೆಚೀಟಿಯ ಮೇಲೆ ಬಂತು, 2016ರಲ್ಲಿ ಸೇನೆಯ ತರಬೇತಿಗೂ ಹೋಯಿತು. ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಅದಕ್ಕೆಂದೇ ಸಂಶೋಧನಾ ಕೇಂದ್ರವಿದೆ. ಆದರೆ ಅದು ಕಣ್ಣಿಂದ ಬೇಟೆಯಾಡುವ ತಳಿ. ದೂರದಲ್ಲಿ ಮೊಲ ಅಲುಗಿದರೆ ಸಾಕು, ಒಡೆಯನ ಕೂಗು ಕಿವಿಗೆ ಬೀಳದು. ಲ್ಯಾಬ್ರಡಾರ್ ಮನುಷ್ಯನ ಮುಖ ನೋಡುತ್ತದೆ. ಮುಧೋಳ ದಿಗಂತ ನೋಡುತ್ತದೆ. ಆ ದಿಗಂತ ನೋಡುವ ಕಣ್ಣಿಗೆ ತಕ್ಕ ಕಥೆಯನ್ನು ಬಾಗಲಕೋಟೆಯ ಬಯಲಿನಲ್ಲೇ ಯಾರಾದರೂ ತೆಗೆಯಲಿ ಎಂಬುದು ನನ್ನ ಆಸೆ.

ಅಂಥ ಕಥೆಯೊಂದು ಸಾವಿರ ವರ್ಷ ಹಳೆಯದು, ಕಲ್ಲಿನ ಮೇಲಿದೆ. ಮದ್ದೂರಿನ ಬಳಿಯ ಆತಕೂರಿನ ಶಾಸನ, ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೇ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಮೆಚ್ಚಿ ಏನು ಬೇಕೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯ ಮೇಲೆ ಬಿದ್ದು, ಹಂದಿಯೂ ತಾನೂ ಒಟ್ಟಿಗೇ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿಗಳ ಸೆಣಸಾಟವನ್ನು ಕಲ್ಲಿನ ತಲೆಯಲ್ಲೇ ಕೆತ್ತಿದ್ದಾರೆ. ಆ ಕಲ್ಲು ಇರುವುದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ. ಆ ಕೃಷ್ಣನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ಸಿಕಂದರಾಬಾದಿನಿಂದ ವಾಡಿಗೆ ಹೋಗುವ ರೈಲಿನಲ್ಲಿ ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಊರಿಗೆ ಹೋಗುವಾಗಲೆಲ್ಲ ಆ ಫಲಕ ಕಂಡೊಡನೆ ನನಗೆ ರಾಜರಿಗಿಂತ ಮೊದಲು ನೆನಪಾಗುವುದು ಕಾಳಿ.

ಇನ್ನು ಚಿತ್ರ ಮುಗಿದ ಮೇಲೆ ಚಾರ್ಲಿ ಎಲ್ಲಿದ್ದಳು? ಮೈಸೂರಿನಲ್ಲಿ, ಪ್ರಮೋದ್ ಅವರ ಬಳಿ. 2024ರ ಮೇ ತಿಂಗಳಲ್ಲಿ ಆರು ಮರಿ ಹಾಕಿದಳು. ಸುದ್ದಿ ತಿಳಿದು, ಧರ್ಮನಾಗಿ ನಟಿಸಿದ್ದ ರಕ್ಷಿತ್ ಶೆಟ್ಟಿ ಮರಿಗಳನ್ನು ನೋಡಲು ಮೈಸೂರಿಗೇ ಹೋಗಿ ಬಂದರು.